ಮೈಗೆ ಹಚ್ಚುವ ಎಣ್ಣೆ ಬೇರೆ, ಸೋಪಿಗೆ ಹಾಕುವ ಎಣ್ಣೆ ಬೇರೆ

ಈ ಸಲದ ಅಂಚೆಯಲ್ಲಿ ಎಣ್ಣೆ, ಸೋಪಿನ ಪ್ರಶ್ನೆಗಳೇ ಜಾಸ್ತಿ. ಒಂದೇ ಥರದವನ್ನು ಒಟ್ಟಿಗೆ ಸೇರಿಸಿ, ಉದ್ದದ ಪತ್ರಗಳನ್ನು ಮೊಟಕು ಮಾಡಿ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 22 ವರ್ಷ. ಅಮ್ಮ ದಿನಾ ರಾತ್ರಿ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಸುತ್ತಾರೆ. ಹಣೆ ತುಂಬ ಸಣ್ಣ ಸಣ್ಣ ಗುಳ್ಳೆ. ಬೇರೆ ಎಣ್ಣೆ ಹಚ್ಚಲಾ, ಬಿಟ್ಟೇಬಿಡಲಾ? (ಹಾಸನ)

ಮುಖಕ್ಕಂತೂ ಬಿಡಿ. ಕೈಕಾಲಿಗೆ ಹಚ್ಚಿಕೊಳ್ಳಿ, ಅಮ್ಮನಿಗೂ ಬೇಜಾರಾಗುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ. ಒಣ ಚರ್ಮಕ್ಕೆ ಒಳ್ಳೆಯದೇ, ಆದರೆ ಮೊದಲೇ ಜಿಡ್ಡು ಸುರಿಯುವ ಮುಖದಲ್ಲಿ ರಂಧ್ರ ಕಟ್ಟಿಸುತ್ತದೆ. ಯಾವ ಎಣ್ಣೆ ಎಷ್ಟು ಮೊಡವೆ ತರುತ್ತದೆ ಅಂತ 0ಯಿಂದ 5ರವರೆಗೆ ಅಂಕ ಕೊಟ್ಟ ಪಟ್ಟಿಗಳು ಮೊಬೈಲಿನಲ್ಲಿ ಓಡಾಡುತ್ತಿರುತ್ತವೆ. ಅದರಲ್ಲಿ ಕೊಬ್ಬರಿ ಎಣ್ಣೆಗೆ ಸಾಮಾನ್ಯವಾಗಿ 4. ಆ ಅಂಕಗಳು ಹುಟ್ಟಿದ್ದು ಮೊಲದ ಕಿವಿಯ ಮೇಲೆ ಮಾಡಿದ ಹಳೇ ಪರೀಕ್ಷೆಗಳಿಂದ, ಹಾಗಾಗಿ ವೇದವಾಕ್ಯ ಮಾಡಿಕೊಳ್ಳಬೇಡಿ. ನಿಮ್ಮ ಹಣೆಯೇ ಹೇಳುತ್ತಿದೆಯಲ್ಲ, ಅದನ್ನು ಕೇಳಿ.

ಗುಳ್ಳೆಗಳೆಲ್ಲ ಒಂದೇ ಅಳತೆ, ಜೊತೆಗೆ ತುರಿಕೆ ಅಂದರೆ ಅದು ಮೊಡವೆ ಆಗಿರಲಿಕ್ಕಿಲ್ಲ. ಮಲಸೇಜಿಯಾ ಅನ್ನುವ ಯೀಸ್ಟ್ ಎಲ್ಲರ ಚರ್ಮದ ಮೇಲೂ ಇರುತ್ತದೆ, ತಲೆಹೊಟ್ಟಿನ ಹಿಂದೆ ಇರುವುದೂ ಅದೇ. ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ, ನಾವು ಹಚ್ಚಿದ ಎಣ್ಣೆಯೇ ಅದಕ್ಕೆ ಊಟ. ಹೊಟ್ಟು ಹೋಗಲಿ ಅಂತ ರಾತ್ರಿಯಿಡೀ ತಲೆಗೆ ಎಣ್ಣೆ ಬಿಟ್ಟುಕೊಳ್ಳುವವರಿಗೂ ಇದೇ ಉತ್ತರ. ಎಣ್ಣೆ ನಿಲ್ಲಿಸಿ, ದಿಂಬಿನ ಕವರ್ ಒಗೆಯಿರಿ, ಆಮೇಲೂ ಗುಳ್ಳೆ ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಮುಖಕ್ಕೆ ಎಣ್ಣೆ ಬೇಕೇ ಬೇಕು ಅಂದರೆ, ಗುಳ್ಳೆ ಹೋದ ಮೇಲೆ, ಎರಡೇ ಹನಿ ಜೊಜೊಬಾ. ಅದು ನಿಜಕ್ಕೆ ಎಣ್ಣೆಯಲ್ಲ, ನೀರಾಗಿರುವ ಮೇಣ. ನಮ್ಮ ಚರ್ಮದ ಜಿಡ್ಡಿನಲ್ಲೂ ಅಂಥ ಮೇಣ ಇದೆ. ಬೇಗ ಕಮಟೂ ಆಗುವುದಿಲ್ಲ. ರೇಟು ಮಾತ್ರ ಜಾಸ್ತಿ.

ಪ್ರಶ್ನೆ: ಟೀ ಟ್ರೀ ಎಣ್ಣೆಯನ್ನು ನೇರವಾಗಿ ಹಚ್ಚಿದೆ, ಕೆನ್ನೆ ಉರಿದು ಕೆಂಪಾಯಿತು. ನಕಲಿ ಮಾಲಾ? (ಬೆಂಗಳೂರು)

ಅಸಲಿಯೂ ಉರಿಯುತ್ತದೆ. ಟೀ ಟ್ರೀ, ಲ್ಯಾವೆಂಡರ್, ನಮ್ಮ ಗಂಧದೆಣ್ಣೆ ಇವೆಲ್ಲ ಹಬೆಯಲ್ಲಿ ಬಟ್ಟಿ ಇಳಿಸಿದ ಸುಗಂಧ ತೈಲಗಳು, ಗಾಣದಲ್ಲಿ ಅರೆದವಲ್ಲ. ಇವನ್ನು ಹೊತ್ತುಕೊಂಡು ಹೋಗಲು ಎಳ್ಳೆಣ್ಣೆಯೋ ಬಾದಾಮಿ ಎಣ್ಣೆಯೋ ಬೇಕು. ಅದಕ್ಕೇ ಅವನ್ನು ಕ್ಯಾರಿಯರ್ ಆಯಿಲ್ ಅನ್ನುವುದು. ಮುಖಕ್ಕೆ 30 ಎಂಎಲ್ ಎಣ್ಣೆಗೆ 6 ಹನಿ ಸಾಕು. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ.

ಪ್ರಶ್ನೆ: ಅಜ್ಜಿ ಮುರುಗಲ ತುಪ್ಪ ಮಾಡುತ್ತಿದ್ದರು. ಈಗ ಅಂಗಡಿಯಲ್ಲಿ ಕೋಕಂ ಬಟರ್ ಅಂತ ಚಂದದ ಡಬ್ಬಿಯಲ್ಲಿ ಸಿಗುತ್ತದೆ. ಎರಡೂ ಒಂದೇನಾ? ಸೋಪಿಗೆ ಹಾಕಬಹುದಾ? (ಶಿರಸಿ)

ಎರಡೂ ಒಂದೇ. ಡಬ್ಬಿಯದನ್ನು ಸೋಸಿ, ಬಣ್ಣ ವಾಸನೆ ತೆಗೆದು ಬೆಳ್ಳಗೆ ಮಾಡಿರುತ್ತಾರೆ ಅಷ್ಟೆ. ಮುರುಗಲ ಹಣ್ಣಿನ ಸಿಪ್ಪೆಯನ್ನು ಒಣಗಿಸಲು ಹಾಕಿದ ಮೇಲೆ ಉಳಿಯುವ ಬೀಜ ಇದೆಯಲ್ಲ, ಅದನ್ನು ಒಣಗಿಸಿ, ಸಿಪ್ಪೆ ಒಡೆದು, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಆರಿದ ಮೇಲೆ ಕೆನೆಯ ಹಾಗೆ ತೆಗೆದು ಉಂಡೆ ಕಟ್ಟಿಡುತ್ತಿದ್ದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟಿಯರಿಕ್ ಆಮ್ಲ. ಕರಗಲು ಸುಮಾರು 40 ಡಿಗ್ರಿ ಬೇಕು, ಅಂದರೆ ಮೈ ಬಿಸಿಗಿಂತ ಸ್ವಲ್ಪ ಮೇಲೆ. ಉಂಡೆಯನ್ನು ಹಿಮ್ಮಡಿಗೆ ತಿಕ್ಕಿದರೆ ಸರ್ರನೆ ಜಾರದೆ ಮೆಲ್ಲಗೆ ಸವೆದು ಬಿರುಕಿನೊಳಗೆ ಕೂರುವುದು ಇದಕ್ಕೇ. ತಿಕ್ಕಲು ಗಟ್ಟಿ ಅನಿಸಿದರೆ ಒಂದು ಪಾಲು ಮುರುಗಲ ತುಪ್ಪಕ್ಕೆ ಎರಡು ಪಾಲು ಎಳ್ಳೆಣ್ಣೆ ಹಾಕಿ ಕರಗಿಸಿಡಿ. ಬಿಸಿನೀರಲ್ಲಿ ಕಾಲು ನೆನೆಸಿ ಒರೆಸಿ, ಹಚ್ಚಿ, ಸಾಕ್ಸ್ ಹಾಕಿ ಮಲಗಿ.

ಸೋಪಿಗೆ ನೂರಕ್ಕೆ 5-10 ಹಾಕಿದರೆ ಸೋಪು ಗಟ್ಟಿ ಬರುತ್ತದೆ, ನಿಜ. ಆದರೆ ನನ್ನನ್ನು ಕೇಳಿದರೆ ಹಾಕಬೇಡಿ. ಕಾಸ್ಟಿಕ್ ಸೋಡಾ ಸೇರಿದ ಮೇಲೆ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ, ಸೋಪು ಮತ್ತು ಗ್ಲಿಸರಿನ್ ಆಗುತ್ತದೆ. ಮೈಮೇಲೆ ಅದು ಇರುವುದು ಒಂದೆರಡು ನಿಮಿಷ, ಆಮೇಲೆ ಬಚ್ಚಲ ಪಾಲು. ಅಷ್ಟು ಕಷ್ಟಪಟ್ಟು ತೆಗೆದ ತುಪ್ಪ, ದುಬಾರಿ ಬಾದಾಮಿ, ಗಾಣದ ಎಣ್ಣೆ ಇವೆಲ್ಲ ಮೈಮೇಲೆ ಉಳಿಯುವ ಕೆಲಸಕ್ಕಿರಲಿ. ಸೋಪಿಗೆ ದಿನಸಿ ಅಂಗಡಿಯ ರಿಫೈನ್ಡ್ ಎಣ್ಣೆ ಸಾಕು. "ಗಾಣದ ಎಣ್ಣೆಯ ಸೋಪು" ಅಂತ ಮೂರು ಪಟ್ಟು ರೇಟು ಹಾಕುವವರಿಗೆ ಸಿಟ್ಟು ಬರಬಹುದು, ಬರಲಿ.

ಪ್ರಶ್ನೆ: ಕಾಸ್ಟಿಕ್ ಸೋಡಾ ಅಂದರೆ ಭಯ. ಅದಿಲ್ಲದೆ ಸೋಪು ಮಾಡಬಹುದಾ? ಮಾಡಲೇಬೇಕಾದರೆ ಅಳತೆ ಕೊಡಿ. (ದಾವಣಗೆರೆ, ಧಾರವಾಡ, ಇನ್ನೂ ಕೆಲವರು)

ಮಾಡಲು ಆಗುವುದಿಲ್ಲ. ಕ್ಷಾರ ಇಲ್ಲದೆ ಸೋಪಿಲ್ಲ. "ಕಾಸ್ಟಿಕ್ ಇಲ್ಲದ ಸೋಪು" ಅಂತ ಕರಗಿಸಿ ಅಚ್ಚಿಗೆ ಹುಯ್ಯುವ ಬೇಸ್ ಮಾರುತ್ತಾರಲ್ಲ, ಅಲ್ಲಿ ಕಾಸ್ಟಿಕ್ ಕೆಲಸವನ್ನು ಕಾರ್ಖಾನೆಯವರು ಮೊದಲೇ ಮುಗಿಸಿರುತ್ತಾರೆ, ಇಲ್ಲವೇ ಅದು ಡಿಟರ್ಜೆಂಟ್. ಮಕ್ಕಳಿರುವ ಮನೆಯಲ್ಲಿ ಆ ಬೇಸೇ ವಾಸಿ.

ಭಯ ಇರಲಿ, ಒಳ್ಳೆಯದೇ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ಕೈ ಹಾಕಲೇಬೇಡಿ, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯಾಕಂದರೆ ಒಂದೊಂದು ಎಣ್ಣೆ ಒಂದೊಂದು ಪ್ರಮಾಣದ ಕಾಸ್ಟಿಕ್ ತಿನ್ನುತ್ತದೆ. ಗ್ರಾಂ ಒಂದಕ್ಕೆ ಕೊಬ್ಬರಿ ಎಣ್ಣೆಗೆ 0.183, ಕಡಲೆಕಾಯಿ ಎಣ್ಣೆಗೆ 0.137, ಹರಳೆಣ್ಣೆಗೆ 0.128 ಗ್ರಾಂ. ಕೊಬ್ಬರಿ 200, ಕಡಲೆಕಾಯಿ 250, ಹರಳೆಣ್ಣೆ 50 ಗ್ರಾಂ ತೆಗೆದುಕೊಂಡರೆ ಒಟ್ಟು ಸುಮಾರು 77 ಗ್ರಾಂ ಕಾಸ್ಟಿಕ್ ಆಗುತ್ತದೆ. ಅದರಲ್ಲಿ ನೂರಕ್ಕೆ 5 ಕಡಿಮೆ ಮಾಡಿ 73 ಗ್ರಾಂ ಹಾಕಿ. ಆಗ ಸ್ವಲ್ಪ ಎಣ್ಣೆ ಸೋಪಾಗದೆ ಉಳಿದು ಚರ್ಮ ಬಿರಿಯದಂತೆ ನೋಡಿಕೊಳ್ಳುತ್ತದೆ. ನೀರು 165 ಗ್ರಾಂ. ಕೊಬ್ಬರಿ ನೊರೆಗೆ ಮತ್ತು ಗಟ್ಟಿತನಕ್ಕೆ, ಕಡಲೆಕಾಯಿ ಮೃದುವಾಗಲಿ ಅಂತ, ಹರಳೆಣ್ಣೆ ನೊರೆ ನಿಲ್ಲಲಿ ಅಂತ. ಬರೀ ಕೊಬ್ಬರಿ ಎಣ್ಣೆಯಲ್ಲಿ ಮಾಡಿದರೆ ನೊರೆ ಭರ್ಜರಿ, ಆದರೆ ಸ್ನಾನ ಆದ ಮೇಲೆ ಮೈ ಚರಚರ ಅನ್ನುತ್ತದೆ.

ಕನ್ನಡಕ, ಗ್ಲೌಸ್, ತುಂಬು ತೋಳಿನ ಬಟ್ಟೆ ಹಾಕಿಕೊಳ್ಳಿ. ಕಿಟಕಿ ತೆಗೆದಿಡಿ. ಸ್ಟೀಲ್ ಪಾತ್ರೆ ಮಾತ್ರ. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದುಹಾಕುತ್ತದೆ, ಜೊತೆಗೆ ಹೈಡ್ರೋಜನ್ ಬಿಡುತ್ತದೆ, ಅದು ಬೆಂಕಿ ಹತ್ತುವ ಅನಿಲ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಹುಯ್ಯಬಾರದು. ಒಲೆ ಇಲ್ಲದೆಯೇ ನೀರು ಕೊತಕೊತ ಬಿಸಿಯಾಗುತ್ತದೆ, ಹೊಗೆ ಬರುತ್ತದೆ, ಮೂಗು ದೂರ ಇಡಿ. ಸಿಂಕ್ ಕಟ್ಟಿದಾಗ ಹಾಕುವ ಪುಡಿಯಲ್ಲಿ ಬೇರೆ ಏನೇನೋ ಇರುತ್ತದೆ, ಅದು ಬೇಡ. ಕೈಗೆ ಸಿಡಿದರೆ ನಲ್ಲಿ ಕೆಳಗೆ 15-20 ನಿಮಿಷ ಹಿಡಿಯಿರಿ, ವಿನಿಗರ್ ಸುರಿಯುತ್ತಾ ಕೂರಬೇಡಿ. ಕಣ್ಣಿಗೆ ಬಿದ್ದರೆ ಕೂಡಲೇ ತೊಳೆಯಲು ಶುರು ಮಾಡಿ, ಅಷ್ಟೇ ಹೊತ್ತು ತೊಳೆದು, ಸೀದಾ ಆಸ್ಪತ್ರೆಗೆ ಹೋಗಿ.

ಕಾಸ್ಟಿಕ್ ನೀರು, ಎಣ್ಣೆ ಎರಡೂ 40 ಡಿಗ್ರಿ ಆಸುಪಾಸಿಗೆ ಬಂದಾಗ ಸೇರಿಸಿ ಹ್ಯಾಂಡ್ ಬ್ಲೆಂಡರಿನಲ್ಲಿ ಕಡೆಯಿರಿ. ದೋಸೆ ಹಿಟ್ಟಿನ ಹದಕ್ಕೆ ಬಂದು, ಮೇಲೆ ಎಳೆ ಬಿಟ್ಟರೆ ಗುರುತು ನಿಂತರೆ ಅಚ್ಚಿಗೆ ಹುಯ್ಯಿರಿ. ಒಂದೆರಡು ದಿನ ಬಿಟ್ಟು ಕತ್ತರಿಸಿ, ಗಾಳಿಯಾಡುವ ಕಡೆ 4ರಿಂದ 6 ವಾರ ಒಣಗಲು ಬಿಡಿ. ಅರಿಶಿನ ಹಾಕುವವರು ಗಾಬರಿಯಾಗಬೇಡಿ, ಸೋಪು ಮೊದಲು ಕೆಂಪಾಗುತ್ತದೆ. ಆರತಿ ನೀರಿಗೆ ಅರಿಶಿನ, ಸುಣ್ಣ ಸೇರಿಸಿದಾಗ ಆಗುವುದೂ ಇದೇ. ಒಣಗುತ್ತಾ ಬಣ್ಣ ಇಳಿಯುತ್ತದೆ.

ಪ್ರಶ್ನೆ: ಹೊಲದ ಬದುವಿನ ತುಂಬ ಹೊಂಗೆ ಮರ. ಎಣ್ಣೆ ಬಿಡಿಸಿಟ್ಟಿದ್ದೇವೆ. ಮೈಗೆ, ಸೋಪಿಗೆ ಆಗುತ್ತದಾ? (ಪಾವಗಡ)

ಸೋಪಿಗೆ ಆಗುತ್ತದೆ, ಸ್ವಲ್ಪ. ಒಟ್ಟು ಎಣ್ಣೆಯಲ್ಲಿ ನೂರಕ್ಕೆ 10-15 ದಾಟಬೇಡಿ. ಹೊಂಗೆಯ ನಾತ ಯಾವ ಸುಗಂಧಕ್ಕೂ ಬಗ್ಗುವುದಿಲ್ಲ, ಸೋಪಿನ ಬಣ್ಣವೂ ಕಂದು. ಕಾಸ್ಟಿಕ್ ಲೆಕ್ಕ ಗ್ರಾಂಗೆ ಸುಮಾರು 0.13. ಕಜ್ಜಿ, ತುರಿಗೆ ಹಚ್ಚುವ ರೂಢಿ ಹಳೆಯದು, ಆದರೆ ಮುಖಕ್ಕೆ, ಕೂಸುಗಳಿಗೆ ನಾನಂತೂ ಹೇಳುವುದಿಲ್ಲ. ಅದರಲ್ಲಿರುವ ಕರಂಜಿನ್ ಹುಳು ಕೊಲ್ಲಲೂ ಬಳಕೆಯಾಗುವ ವಸ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊಂಗೆ ಸೋಪು, ಬೇವಿನ ಸೋಪು ಅಂತಲೇ ಮಾಡಿದ್ದಾರೆ. ಅವು ಸ್ನಾನಕ್ಕಲ್ಲ, ನೀರಲ್ಲಿ ಕರಗಿಸಿ ತರಕಾರಿ ಬೆಳೆಗೆ ಹೊಡೆಯಲು. ನಿಮ್ಮಲ್ಲಿ ಟೊಮೇಟೊ, ಬದನೆ ಇದ್ದರೆ ಆ ಕಡೆ ವಿಚಾರಿಸಿ, ನಿಮ್ಮ ಎಣ್ಣೆಗೆ ಅಲ್ಲೇ ಜಾಸ್ತಿ ಕೆಲಸ.

ಪ್ರಶ್ನೆ: ಮಗುವಿಗೆ 2 ತಿಂಗಳು. ಇಲ್ಲಿಯವರು ಆಲಿವ್ ಎಣ್ಣೆ ಅನ್ನುತ್ತಾರೆ, ಊರಿಂದ ಬಂದ ಅತ್ತೆ ಕೊಬ್ಬರಿ ಎಣ್ಣೆ, ಜೊತೆಗೆ ಮೂಗಿಗೆ ಎರಡು ಹನಿ ಅನ್ನುತ್ತಾರೆ. (ಬರ್ಮಿಂಗ್‌ಹ್ಯಾಮ್)

ಮೂಗಿಗೆ ಬೇಡ. ಇದರಲ್ಲಿ ರಾಜಿ ಇಲ್ಲ. ಎಣ್ಣೆ ಮೂಗಿನಿಂದ ಜಾರಿ ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಉಳಿದು ನ್ಯುಮೋನಿಯಾ ತರುತ್ತದೆ. ಎಣ್ಣೆ ನೀರಿನ ಹಾಗೆ ಚುಚ್ಚುವುದಿಲ್ಲ, ಹಾಗಾಗಿ ಮಗು ಕೆಮ್ಮುವುದೂ ಇಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಕಿವಿಗೂ ಬೇಡ.

ಮೈಗೆ ಹಚ್ಚುವ ವಿಷಯದಲ್ಲಿ ಅತ್ತೆಯ ಕಡೆ ನನ್ನ ಓಟು. ಆಲಿವ್ ಎಣ್ಣೆಯಲ್ಲಿ ಓಲಿಕ್ ಆಮ್ಲ ಜಾಸ್ತಿ, ಅದು ಚರ್ಮದ ಮೇಲಿನ ಕಾವಲು ಪದರವನ್ನು ಸಡಿಲ ಮಾಡುತ್ತದೆ. ದೊಡ್ಡವರಿಗೆ ನಡೆದೀತು, ಎಳೆ ಚರ್ಮಕ್ಕೆ, ಅದರಲ್ಲೂ ಎಕ್ಸಿಮಾ ಇರುವ ಮನೆತನದ ಮಗುವಿಗೆ ಬೇಡ. ಸಾಸಿವೆ ಎಣ್ಣೆಯೂ ಉರಿಸುತ್ತದೆ. ಕೊಬ್ಬರಿ ಎಣ್ಣೆ 25 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಿಮ್ಮ ಚಳಿಗೆ ಕಲ್ಲೇ ಆಗಿರುತ್ತದೆ. ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ಇಳಿಬಿಡಿ, ಸಾಕು. ಮಗುವಿನ ಚರ್ಮ ಚೆನ್ನಾಗಿದ್ದರೆ ದಿನಾ ಹಚ್ಚಲೇಬೇಕು ಅಂತೇನೂ ಇಲ್ಲ.

ಪ್ರಶ್ನೆ: ಮನೆ ಸೋಪು ಅಕ್ಕನ ಮನೆಯಲ್ಲಿ ಚೆನ್ನಾಗಿ ನೊರೆ ಕೊಡುತ್ತದೆ, ನಮ್ಮಲ್ಲಿ ಬರೀ ಬಿಳಿ ಜಿಡ್ಡು. ಬೋರ್‌ವೆಲ್ ನೀರು. (ಕೋಲಾರ)

ತಪ್ಪು ಸೋಪಿನದ್ದಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿಗೆ ಅಂಟಿಕೊಂಡು ಬಕೆಟ್ಟಿಗೆ ಅಂಟುವ ಜಿಡ್ಡಾಗುತ್ತದೆ. ಮೇಲಿನ ಅಳತೆಯ ನೀರಿನಲ್ಲಿ ಮೊದಲು 10 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಕಾಸ್ಟಿಕ್ ಅನ್ನು 73ರ ಬದಲು 79 ಗ್ರಾಂ ಮಾಡಿ. ಆ 6 ಗ್ರಾಂ ಸಿಟ್ರಿಕ್ ಆಮ್ಲದ ಪಾಲು. ಅದರಿಂದ ಹುಟ್ಟುವ ಸೋಡಿಯಂ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಜಿಡ್ಡು ಪೂರ್ತಿ ಹೋಗದಿದ್ದರೂ ಎಷ್ಟೋ ವಾಸಿ.

ಪ್ರಶ್ನೆ: ಕುಸುಬೆ ಎಣ್ಣೆಯ ಸೋಪಿನ ಮೇಲೆ ಎರಡೇ ತಿಂಗಳಿಗೆ ಕಿತ್ತಳೆ ಬಣ್ಣದ ಚುಕ್ಕೆ. ಬೂಷ್ಟಾ? (ವಿಜಯಪುರ)

ಬೂಷ್ಟಲ್ಲ, ಕಮಟು. ಮೂಸಿ ನೋಡಿ, ಹಳೇ ಕರಿದ ತಿಂಡಿಯ ವಾಸನೆ. ಸಾಮಾನ್ಯ ಕುಸುಬೆಯಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ, ಅದು ಗಾಳಿಗೆ ಬೇಗ ಕೆಡುತ್ತದೆ. ಸೋಪಿನಲ್ಲಿ ನೂರಕ್ಕೆ 10ಕ್ಕೆ ನಿಲ್ಲಿಸಿ. ತಾಮ್ರ, ತುಕ್ಕಿನ ಕಬ್ಬಿಣ ಎರಡೂ ಹತ್ತಿರ ಬರಬಾರದು, ಅವು ಕಮಟನ್ನು ಬೇಗ ತರುತ್ತವೆ. ಆದರೆ ಅದೇ ಲಿನೋಲಿಕ್ ಮೈಗೆ ಹಚ್ಚಲು ಬಹಳ ಒಳ್ಳೆಯದು, ಹಗುರ, ಜಿಡ್ಡೂ ಕಡಿಮೆ. ಸಣ್ಣ ಬಾಟಲಿ ತಂದು ಫ್ರಿಜ್ಜಿನಲ್ಲಿಡಿ. ಚುಕ್ಕೆ ಬಿದ್ದ ಸೋಪು ಬಟ್ಟೆಗೆ ಬಳಸಿ.

ಪ್ರಶ್ನೆ: ಬಾದಾಮಿ ಎಣ್ಣೆ ಇಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆ? (ಮೈಸೂರು)

ಬಾಟಲಿ ಹಿಂದೆ ಸಣ್ಣ ಅಕ್ಷರ ಓದಿ. ಮೊದಲ ಹೆಸರು ಮಿನರಲ್ ಆಯಿಲ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಆಗಿದ್ದರೆ ಉತ್ತರ ಅಲ್ಲೇ ಇದೆ. ಅದು ವಿಷವೇನಲ್ಲ, ಬಾದಾಮಿಯ ದುಡ್ಡು ಕೊಡುವುದು ಯಾಕೆ ಅಷ್ಟೆ. ಅಂಥದ್ದನ್ನು ಸೋಪಿಗೆ ಮಾತ್ರ ಹಾಕಬೇಡಿ, ಪ್ಯಾರಾಫಿನ್ ಸೋಪಾಗುವುದೇ ಇಲ್ಲ, ಲೆಕ್ಕದ ಕಾಸ್ಟಿಕ್ ಹಾಗೇ ಉಳಿದು ಮೈ ಸುಡುತ್ತದೆ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಿಂದ ಸಂತೆಯಲ್ಲಿ ಸೋಪು ಮಾರಬೇಕು ಅಂತಿದ್ದೇವೆ. ಪರವಾನಗಿ ಬೇಕಾ? (ಮಂಡ್ಯ)

ಬೇಕು. ನೆಂಟರಿಷ್ಟರಿಗೆ ಸುಮ್ನೆ ಕೊಡುವುದು ಬೇರೆ, ಮಾರುವುದು ಬೇರೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕೆ ಸೋಪು ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ವಿಭಾಗದ ಪರವಾನಗಿ ಬೇಕು. ತಯಾರಿಸುವ ಜಾಗ, ಸಲಕರಣೆ, ಕೆಲಸ ಗೊತ್ತಿರುವ ಸಿಬ್ಬಂದಿ ಎಲ್ಲವನ್ನೂ ನೋಡುತ್ತಾರೆ. ಅಡುಗೆಮನೆಯಲ್ಲಿ ಮಾಡಿದ್ದು ಅಂದರೆ ಒಪ್ಪುವುದು ಕಷ್ಟ. ಅದಕ್ಕೇ ಹಲವು ಸಂಘಗಳು ಪರವಾನಗಿ ಇರುವ ಘಟಕದಲ್ಲಿ ಮಾಡಿಸಿ ತಮ್ಮ ಹೆಸರು ಹಾಕಿಕೊಳ್ಳುತ್ತವೆ. ಚೀಟಿಯಲ್ಲಿ ಏನೇನು ಹಾಕಿದ್ದೀರಿ, ಯಾವತ್ತು ತಯಾರಾಯಿತು, ಎಲ್ಲಿಯವರೆಗೆ ಬಳಸಬಹುದು, ತಯಾರಿಸಿದವರು ಯಾರು ಅನ್ನುವುದೆಲ್ಲ ಇರಬೇಕು. "ಕಜ್ಜಿ ವಾಸಿಯಾಗುತ್ತದೆ", "ಬಿಳಿ ಕಲೆ ಹೋಗುತ್ತದೆ" ಅಂತ ಬರೆದಿರೋ, ಅದು ಸೋಪಲ್ಲ ಔಷಧಿ ಅಂತಾಗಿ ಇನ್ನೊಂದು ಪರವಾನಗಿ ಕೇಳುತ್ತಾರೆ. ಚೀಟಿ ಅಚ್ಚು ಹಾಕಿಸುವ ಮೊದಲೇ ಜಿಲ್ಲಾ ಕಚೇರಿಗೆ ಒಂದು ಸಲ ಹೋಗಿ ಬನ್ನಿ.