ಸಾಣೆ ಹಿಡಿದ ಚಾಕು ವಾರದೊಳಗೆ ಮೊಂಡಾಗುವುದೇಕೆ?

ಅಡುಗೆಮನೆಯ ಚಾಕುವಿನ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ದೂರಿನ ಬೇರೆ ಬೇರೆ ರೂಪಗಳು. ಅದಕ್ಕೆ ಹಿಂದೆಯೂ ಉತ್ತರ ಕೊಟ್ಟದ್ದುಂಟು. ಆದರೂ ಅದೇ ಪ್ರಶ್ನೆ ಮರಳಿ ಬರುತ್ತಿರುವುದರಿಂದ ಈ ಸಲ ಜಾಗದ ಬಹುಪಾಲನ್ನು ಅದಕ್ಕೇ ಮೀಸಲಿಟ್ಟು, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ. ಚಾಕುವನ್ನು ಹೇಗೆ ಹಿಡಿಯಬೇಕು, ಹೆಚ್ಚುವಾಗ ಇನ್ನೊಂದು ಕೈಯ ಬೆರಳುಗಳನ್ನು ಹೇಗೆ ಮಡಚಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ಹೊಸ ಚಾಕು ಕೊಳ್ಳಬೇಕೆಂದಿದ್ದೇನೆ. ಉಕ್ಕು ಗಡಸಾದಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಗಡಸುತನವನ್ನು ರಾಕ್‌ವೆಲ್ ಸಿ ಮಾನದಲ್ಲಿ ಅಳೆಯುತ್ತಾರೆ. ಜರ್ಮನ್ ಮಾದರಿಯ ಚಾಕುಗಳು ಸಾಮಾನ್ಯವಾಗಿ 54ರಿಂದ 58ರೊಳಗೆ ಇರುತ್ತವೆ, ಜಪಾನಿ ಮಾದರಿಯ ಬಹಳಷ್ಟು ಚಾಕುಗಳು 60ನ್ನು ದಾಟುತ್ತವೆ. ಗಡಸು ಹೆಚ್ಚಿದಂತೆ ಬಾಯಿಯನ್ನು ಇನ್ನಷ್ಟು ತೆಳುವಾಗಿ ಮಸೆಯಬಹುದು, ಹರಿತವೂ ಹೆಚ್ಚು ಕಾಲ ಉಳಿಯುತ್ತದೆ ಎಂಬುದು ನಿಜ. ಆದರೆ ಅಂಥ ಚಾಕು ಮೂಳೆಗೆ ತಗುಲಿದರೆ, ಅಥವಾ ಗಟ್ಟಿ ತರಕಾರಿಯೊಳಗೆ ಸಿಕ್ಕಿಕೊಂಡಾಗ ಅದನ್ನು ಪಕ್ಕಕ್ಕೆ ತಿರುಚಿದರೆ, ಅದರ ಬಾಯಿ ಬಾಗುವುದಿಲ್ಲ, ಚಕ್ಕೆ ಏಳುತ್ತದೆ. ಮನೆಯವರೆಲ್ಲರ ಕೈಗೂ ಹೋಗುವ ಚಾಕುವಾದರೆ 56ರ ಆಸುಪಾಸಿನ ಸ್ಟೇನ್‌ಲೆಸ್ ಉಕ್ಕನ್ನೇ ಆರಿಸಿಕೊಳ್ಳಿ. 18ರಿಂದ 20 ಸೆಂಟಿಮೀಟರ್ ಅಲಗಿನದೊಂದು, 8ರಿಂದ 10 ಸೆಂಟಿಮೀಟರಿನ ಚಿಕ್ಕದೊಂದು ಇದ್ದರೆ ಬಹುತೇಕ ಎಲ್ಲ ಕೆಲಸವೂ ಆಗುತ್ತದೆ. ಹತ್ತು ಹನ್ನೆರಡು ಚಾಕುಗಳ ಸೆಟ್ಟು ಶೋಕಿಗೆ ಮಾತ್ರ. ಅಂಗಡಿಯಲ್ಲಿ ನೋಡಬೇಕಾದದ್ದು ಬೆನ್ನಿನ ದಪ್ಪವನ್ನಲ್ಲ, ಬಾಯಿಗೆ ತುಸು ಮೇಲೆ ಅಲಗು ಎಷ್ಟು ತೆಳುವಾಗಿದೆ ಎಂಬುದನ್ನು. ಹಿಡಿಯ ಬಳಿಯ ದಪ್ಪ ಲೋಹದ ಗಟ್ಟು ಬಾಯಿಯವರೆಗೂ ಇಳಿದು ಬಂದಿದ್ದರೆ ಆ ಚಾಕು ಬೇಡ, ಏಕೆಂದರೆ ನಾಳೆ ಕಲ್ಲಿನ ಮೇಲೆ ಅದೇ ಅಡ್ಡ ಬಂದು ಹಿಂಭಾಗ ಮಸೆಯಲಾಗದೆ ಉಳಿಯುತ್ತದೆ.

ಪ್ರಶ್ನೆ: ಅಲಗಿನ ಮೇಲೆ ಅಲೆ ಅಲೆಯಾಗಿ ಡಮಾಸ್ಕಸ್ ವಿನ್ಯಾಸವಿರುವ ಚಾಕು ಹೆಚ್ಚು ಹರಿತವೇ?

ಇಂದಿನ ಬಹುಪಾಲು ಚಾಕುಗಳಲ್ಲಿ ಆ ವಿನ್ಯಾಸವಿರುವುದು ಎರಡೂ ಬದಿಯ ಹೊದಿಕೆಯಲ್ಲಿ, ಕತ್ತರಿಸುವುದು ನಡುವಿನ ಸಾದಾ ಉಕ್ಕು. ಚಂದಕ್ಕೆ ಹಣ ಕೊಡುವುದಾದರೆ ಕೊಡಿ.

ಪ್ರಶ್ನೆ: 1000 ಗ್ರಿಟ್ (ಕಲ್ಲಿನ ನಯದ ಅಳತೆ, ಅಂಕಿ ಹೆಚ್ಚಿದಷ್ಟೂ ನಯ) ಸಾಣೆಕಲ್ಲಿನ ಮೇಲೆ ಪ್ರತಿ ಬದಿಗೆ ಹತ್ತು ಹತ್ತು ಸಲ ಎಳೆದು ಮಸೆಯುತ್ತೇನೆ. ಆ ದಿನ ಕಾಗದವನ್ನೂ ಕತ್ತರಿಸುತ್ತದೆ. ವಾರದೊಳಗೆ ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ. ಉಕ್ಕು ಕಳಪೆಯೇ, ಅಥವಾ ಇನ್ನೂ ನಯವಾದ ಕಲ್ಲು ಬೇಕೇ?

ಎರಡೂ ಅಲ್ಲ. ನಿಮ್ಮ ಮಸೆತ ಪೂರ್ತಿಯಾಗುತ್ತಿಲ್ಲ. ಉಕ್ಕನ್ನು ಬೈದು ಹೊಸ ಚಾಕು ಕೊಳ್ಳುವವರಲ್ಲಿ ಹೆಚ್ಚಿನವರ ಕಥೆ ಇಷ್ಟೇ.

ಅಲಗಿನ ಒಂದು ಬದಿಯನ್ನು ಕಲ್ಲಿಗೆ ಉಜ್ಜುತ್ತ ಹೋದಾಗ ಎರಡು ಮುಖಗಳು ಕೂಡುವ ತುತ್ತತುದಿಯಲ್ಲಿ ಲೋಹ ಎಷ್ಟು ತೆಳುವಾಗುತ್ತದೆಂದರೆ, ಅದು ಸವೆದು ಉದುರದೆ ಇನ್ನೊಂದು ಬದಿಗೆ ಮಡಚಿಕೊಂಡು ನಿಲ್ಲುತ್ತದೆ. ಇದನ್ನು ಬರ್ ಎನ್ನುತ್ತಾರೆ. ಬರಿಗಣ್ಣಿಗೆ ಇದು ಕಾಣುವುದೇ ಕಷ್ಟ. ಬರ್ ಎದ್ದಿತೆಂದರೆ ಆ ಬದಿಯ ಮಸೆತ ತುದಿಯವರೆಗೆ ಮುಟ್ಟಿದೆ ಎಂದರ್ಥ, ಆದ್ದರಿಂದ ಅದು ಏಳಲೇಬೇಕು. ಆದರೆ ಕೆಲಸ ಮುಗಿಯುವಾಗ ಅದು ಇರಕೂಡದು. ನಿಮ್ಮ ಚಾಕು ಮೊದಲ ದಿನ ಕಾಗದ ಕತ್ತರಿಸಿದ್ದು ಈ ಬರ್‌ನ ಬಲದಿಂದ. ಅದೂ ಹರಿತವೇ, ಆದರೆ ನೆಟ್ಟಗೆ ನಿಲ್ಲುವ ಶಕ್ತಿ ಅದಕ್ಕಿಲ್ಲ. ನಾಲ್ಕು ದಿನ ಹಲಗೆಗೆ ತಾಗುತ್ತಿದ್ದಂತೆ ಅದು ಮಗುಚಿಕೊಳ್ಳುತ್ತದೆ ಅಥವಾ ಹರಿದು ಬೀಳುತ್ತದೆ, ಕೆಳಗೆ ಉಳಿಯುವುದು ಕೊರಕಲಾದ ಮೊಂಡು ಬಾಯಿ.

ಹತ್ತು ಹತ್ತು ಸಲ ಎಂಬ ಲೆಕ್ಕವನ್ನು ಮೊದಲು ಮರೆತುಬಿಡಿ. ಎಷ್ಟು ಸಲ ಎಳೆಯಬೇಕೆಂಬುದು ಬಾಯಿ ಎಷ್ಟು ಸವೆದಿದೆ, ಉಕ್ಕು ಎಂಥದು, ಕಲ್ಲು ಎಷ್ಟು ವೇಗವಾಗಿ ಕೊರೆಯುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ. ಎಣಿಕೆ ಹೇಳಿಕೊಡುವ ವೀಡಿಯೊಗಳನ್ನು ಮಾಡುವವರು ಬಹುಶಃ ಆಗಲೇ ಹರಿತವಾಗಿರುವ ಚಾಕುವನ್ನೇ ಕೈಗೆತ್ತಿಕೊಂಡಿರುತ್ತಾರೆ. ನಿಮ್ಮ ಚಾಕುವಿಗೆ ಆರಂಭದಲ್ಲಿ ಒಂದೇ ಬದಿಗೆ ಐವತ್ತು ಸಲ ಬೇಕಾಗಬಹುದು. ಬಾಯಿ ಮುಕ್ಕಾಗಿದ್ದರೆ 1000 ಗ್ರಿಟ್‌ಗೂ ಮೊದಲು 220ರಿಂದ 400ರ ಒರಟು ಕಲ್ಲು ಬೇಕು.

ಕೋನದ ವಿಷಯಕ್ಕೆ ಬರುತ್ತೇನೆ. ತೆಳು ಅಲಗಿನ ಗಡಸು ಚಾಕುವಿಗೆ ಪ್ರತಿ ಬದಿಗೆ 15 ಡಿಗ್ರಿ, ಸಾಧಾರಣ ಚಾಕುವಿಗೆ 20 ಡಿಗ್ರಿ. ಇದನ್ನು ಕಣ್ಣಂದಾಜಿನಲ್ಲಿ ಹಿಡಿಯುವುದಕ್ಕಿಂತ ಬೆನ್ನು ಕಲ್ಲಿನಿಂದ ಎಷ್ಟು ಎತ್ತರದಲ್ಲಿರಬೇಕೆಂದು ಲೆಕ್ಕ ಹಾಕುವುದು ಲೇಸು. ಅಲಗಿನ ಅಗಲ 45 ಮಿಲಿಮೀಟರ್ ಇದ್ದರೆ 15 ಡಿಗ್ರಿಗೆ ಬೆನ್ನು ಸುಮಾರು 12 ಮಿಲಿಮೀಟರ್, 20 ಡಿಗ್ರಿಗೆ ಸುಮಾರು 15 ಮಿಲಿಮೀಟರ್ ಮೇಲಿರಬೇಕು. ಅಷ್ಟು ದಪ್ಪಕ್ಕೆ ರಟ್ಟಿನ ಚೂರುಗಳನ್ನು ಅಂಟಿಸಿಟ್ಟುಕೊಂಡು, ಆಗಾಗ ಬೆನ್ನಿನ ಕೆಳಗೆ ಹಿಡಿದು ನೋಡಿ. ಅಲಗಿನಲ್ಲಿ ಬಾಯಿಯುದ್ದಕ್ಕೂ ಕಲ್ಲಿಗೆ ತಾಗುವ ಪಟ್ಟಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಎರಡು ಸಲ ಎಳೆದರೆ ಕೋನ ಸರಿಯೋ ಇಲ್ಲವೋ ಎಂಬುದು ತಾನಾಗಿ ತಿಳಿಯುತ್ತದೆ. ತುದಿಯಲ್ಲಿ ಮಸಿ ಉಳಿದಿದ್ದರೆ ಬೆನ್ನು ತಗ್ಗಾಗಿದೆ, ತುದಿಯಲ್ಲಷ್ಟೇ ಅಳಿಸಿದ್ದರೆ ಬೆನ್ನು ಎತ್ತರವಾಗಿದೆ.

ಈಗ ಒಂದು ಬದಿಯನ್ನು ಮಸೆಯುತ್ತ, ನಡುನಡುವೆ ನಿಲ್ಲಿಸಿ, ಹೆಬ್ಬೆರಳನ್ನು ಇನ್ನೊಂದು ಬದಿಯಲ್ಲಿ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಹಗುರವಾಗಿ ಸವರಿ ಹೊರಕ್ಕೆ ಜಾರಿಸಿ. ಬಾಯಿಯ ಉದ್ದಕ್ಕೆ ಬೆರಳಾಡಿಸಬೇಡಿ, ಆಡಿಸಿ ಬೆರಳು ಕೊಯ್ದುಕೊಂಡರೆ ಹೊಣೆ ನನ್ನದಲ್ಲ. ಅಂಚಿನಲ್ಲಿ ಏನೋ ಸಣ್ಣಗೆ ತಡೆದಂತಾದರೆ ಅದೇ ಬರ್. ನಡುಭಾಗದಲ್ಲಿ ಅದು ಬೇಗ ಏಳುತ್ತದೆ. ಹಿಡಿಯ ಹತ್ತಿರವೂ ಮೊನೆಯ ಬಳಿಯೂ ತಡವಾಗುತ್ತದೆ, ಮೊನೆಗೆ ಬರುವಾಗ ಹಿಡಿಯನ್ನು ತುಸು ಎತ್ತದಿದ್ದರೆ ಅಲ್ಲಿ ಏಳುವುದೇ ಇಲ್ಲ. ಹಿಂದಿನಿಂದ ಮೊನೆಯವರೆಗೆ ಎಲ್ಲಿಯೂ ಬಿಡದಂತೆ ಬರ್ ಎದ್ದ ಮೇಲಷ್ಟೇ ಚಾಕುವನ್ನು ಮಗುಚಿ, ಇನ್ನೊಂದು ಬದಿಯನ್ನೂ ಹೀಗೆಯೇ ಮಸೆಯಿರಿ.

ಇನ್ನು ಮುಂದಿನದು ನೀವು ಮಾಡದೆ ಬಿಟ್ಟಿರುವ ಕೆಲಸ. ಅದೇ ಕೋನದಲ್ಲಿ, ಬಾಯಿಯನ್ನು ಮುಂದೆ ಮಾಡಿಕೊಂಡು, ಒಂದು ಸಲ ಈ ಬದಿ ಒಂದು ಸಲ ಆ ಬದಿ ಎಂಬಂತೆ ಎಳೆಯುತ್ತ, ಪ್ರತಿ ಸಲವೂ ಒತ್ತಡವನ್ನು ಕಡಿಮೆ ಮಾಡುತ್ತ ಬನ್ನಿ. ಕೊನೆಯ ಕೆಲವು ಎಳೆತಗಳಲ್ಲಿ ಕಲ್ಲಿನ ಮೇಲೆ ಚಾಕುವಿನ ಸ್ವಂತ ಭಾರವಷ್ಟೇ ಬೀಳಬೇಕು. ಬರ್ ಆ ಕಡೆ ಈ ಕಡೆ ಬಾಗುತ್ತ, ಪ್ರತಿ ಸಲವೂ ಸಣ್ಣದಾಗುತ್ತ, ಕಡೆಗೆ ಎರಡೂ ಬದಿಯಲ್ಲಿ ಬೆರಳಿಗೆ ಸಿಗದಂತಾಗುತ್ತದೆ. ಮರದ ತುಂಡಿನ ಅಂಚಿಗೆ ಬಾಯಿಯನ್ನು ಎಳೆದು ಅದನ್ನು ಕಿತ್ತುಹಾಕುವ ರೂಢಿಯೂ ಇದೆ, ನನಗೆ ಅದು ಒಗ್ಗುವುದಿಲ್ಲ. ದೊಡ್ಡ ಬರ್ ಹರಿದ ಜಾಗ ಬಟ್ಟೆ ಹರಿದ ಅಂಚಿನಂತೆ ಒರಟಾಗಿರುತ್ತದೆ, ಕಲ್ಲಿನ ಮೇಲೆ ಸವೆಸುವುದೇ ಸರಿ. ಆಮೇಲೆ ತೊಗಲಿನ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ನಾಲ್ಕಾರು ಸಲ ಎಳೆದರೆ ಕೆಲಸ ಮುಗಿಯಿತು.

ಪರೀಕ್ಷೆಗೆ ಕಾಗದಕ್ಕಿಂತ ದೀಪ ಮೇಲು. ಚಾಕುವಿನ ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ದೀಪದ ಕೆಳಗೆ ನಿಧಾನವಾಗಿ ಓರೆ ಮಾಡಿ ನೋಡಿ. ಮೊಂಡಾದ ಜಾಗ ಬೆಳಕನ್ನು ಹಿಂದಕ್ಕೆ ಎಸೆದು ಬಿಳಿ ಚುಕ್ಕೆಯಾಗಿಯೋ ಗೆರೆಯಾಗಿಯೋ ಮಿನುಗುತ್ತದೆ. ನಿಜವಾಗಿ ಹರಿತವಾದ ಬಾಯಿ ಬೆಳಕನ್ನು ತೋರಿಸುವುದಿಲ್ಲ.

ನಯವಾದ ಕಲ್ಲಿನ ಆಸೆ ಸದ್ಯಕ್ಕೆ ಬೇಡ. 6000 ಗ್ರಿಟ್ ಕಲ್ಲು ಉಳಿದುಹೋದ ಬರ್‌ಗೆ ಹೊಳಪು ಕೊಡುತ್ತದೆಯೇ ಹೊರತು ಬೇರೇನನ್ನೂ ಮಾಡುವುದಿಲ್ಲ. ಮೇಲಾಗಿ ಟೊಮೆಟೊದಂಥ ಸಿಪ್ಪೆಗೆ 1000 ಗ್ರಿಟ್ ಉಳಿಸುವ ಸೂಕ್ಷ್ಮ ಗರಗಸದಂಥ ಬಾಯಿಯೇ ಚೆನ್ನಾಗಿ ಕಚ್ಚುತ್ತದೆ. ಅದರ ಬದಲು ಇರುವ ಕಲ್ಲು ಮಟ್ಟಸವಾಗಿದೆಯೇ ನೋಡಿ. ನಡುವೆ ತಗ್ಗು ಬಿದ್ದ ಕಲ್ಲಿನ ಮೇಲೆ ಯಾವ ಕೋನವೂ ನಿಲ್ಲದು. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆಗಳನ್ನೆಳೆದು, ಗಾಜಿನ ಫಲಕದ ಮೇಲೆ ಹಾಸಿದ ನೀರು ತಡೆಯುವ ಉಜ್ಜುಕಾಗದಕ್ಕೆ ಗೆರೆಗಳೆಲ್ಲ ಅಳಿಸುವವರೆಗೆ ಉಜ್ಜಿ. ನೀರಿನ ಕಲ್ಲಿಗೆ ಎಣ್ಣೆ ಹಾಕಬೇಡಿ. ಇಷ್ಟೆಲ್ಲ ಮಾಡಿಯೂ ಗಾಜು, ಗ್ರಾನೈಟ್ ಅಥವಾ ಪಿಂಗಾಣಿ ತಟ್ಟೆಯ ಮೇಲೆ ಹೆಚ್ಚುವವರು ನನಗೆ ದಯವಿಟ್ಟು ಬರೆಯಬೇಡಿ.

ಪ್ರಶ್ನೆ: ಸ್ಟೀಲ್ ಕಡ್ಡಿ ಇದ್ದರೆ ಕಲ್ಲು ಬೇಕೇ?

ಬೇಕು. ನಯವಾದ ಕಡ್ಡಿ ಬಾಗಿದ ಬಾಯಿಯನ್ನು ನೆಟ್ಟಗೆ ಮಾಡುತ್ತದೆ, ಸವೆದ ಬಾಯಿಯನ್ನು ಹೊಸದಾಗಿ ಕಟ್ಟಿಕೊಡುವುದಿಲ್ಲ. 60ಕ್ಕೂ ಮೇಲಿನ ಗಡಸು ಚಾಕುವನ್ನು ಗೀರುಗಳಿರುವ ಸ್ಟೀಲ್ ಕಡ್ಡಿಗೆ ಬಡಿದರೆ ಚಕ್ಕೆ ಏಳುವ ಸಾಧ್ಯತೆಯಿದೆ, ಅದಕ್ಕೆ ಸೆರಾಮಿಕ್ ಕಡ್ಡಿಯನ್ನು ಹಗುರ ಕೈಯಲ್ಲಿ ಬಳಸಿ.

ಪ್ರಶ್ನೆ: ಯಂತ್ರದ ಚಕ್ರದಲ್ಲಿ ಸಾಣೆ ಹಿಡಿಸಿದ ಮೇಲೆ ಬಾಯಿಯ ಒಂದು ಭಾಗ ನೀಲಿಯಾಗಿದೆ. ತೊಂದರೆಯೇ?

ತೊಂದರೆಯೇ. ಅಡುಗೆ ಚಾಕುಗಳನ್ನು ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದಗೊಳಿಸಿರುತ್ತಾರೆ, ನೀಲಿ ಬಣ್ಣ ಬಂದಿದೆ ಎಂದರೆ ಅಲ್ಲಿ ಕಾವು 300ರ ಹತ್ತಿರಕ್ಕೋ ಅದಕ್ಕೂ ಮೇಲಕ್ಕೋ ಹೋಗಿದೆ. ಆ ಜಾಗದಲ್ಲಿ ಉಕ್ಕಿನ ಹದ ಕೆಟ್ಟು ಮೆತ್ತಗಾಗಿದೆ, ಅಷ್ಟನ್ನೂ ಮಸೆದು ತೆಗೆದು ಒಳಗಿನ ಉಕ್ಕನ್ನು ತಲುಪುವವರೆಗೆ ಹರಿತ ನಿಲ್ಲುವುದಿಲ್ಲ. ಒಣ ಚಕ್ರಕ್ಕೆ ಒತ್ತಿ ಹಿಡಿದು ಕಿಡಿ ಹಾರಿಸುವುದನ್ನೇ ಕೈಚಳಕವೆಂದು ತೋರಿಸುವವರ ಕೈಗೆ ಒಳ್ಳೆಯ ಚಾಕುವನ್ನು ಕೊಡಬೇಡಿ. ನೀರಿನಲ್ಲಿ ನಿಧಾನವಾಗಿ ತಿರುಗುವ ಚಕ್ರವಿರುವವರಲ್ಲಿ ಧೈರ್ಯವಾಗಿ ಕೊಡಬಹುದು. ಸಂದಿಯೊಳಗೆ ಚಾಕು ಎಳೆಯುವ ಅಗ್ಗದ ಉಪಕರಣವನ್ನೂ ಮೊದಲಿನವರ ಸಾಲಿಗೇ ಸೇರಿಸುತ್ತೇನೆ. ಅದು ಸುಡುವುದಿಲ್ಲ, ಲೋಹವನ್ನು ಹೆರೆದು ಹರಿಯುತ್ತದೆ.

ಪ್ರಶ್ನೆ: ಅಲ್ಯೂಮಿನಿಯಂ ಹಾಳೆ ಕತ್ತರಿಸಿದರೆ, ಉರಿಯ ಮೇಲೆ ಕಾಯಿಸಿದರೆ, ಪಿಂಗಾಣಿ ಬಟ್ಟಲಿನ ತಳಕ್ಕೆ ಉಜ್ಜಿದರೆ ಚಾಕು ಹರಿತವಾಗುವುದೇ?

ಮೊದಲನೆಯದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ, ಎರಡನೆಯದರಿಂದ ಚಾಕು ಕೆಡುತ್ತದೆ, ಮೂರನೆಯದು ತುರ್ತಿಗೆ ನಡೆದೀತು.

ಪ್ರಶ್ನೆ: ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಬಹುದೇ? ಸ್ಟೇನ್‌ಲೆಸ್ ಅಲ್ಲವೇ?

ಹಾಕಬೇಡಿ. ಸ್ಟೇನ್‌ಲೆಸ್ ಎಂದರೆ ತುಕ್ಕಿಗೆ ಸುಲಭವಾಗಿ ಬಗ್ಗದ ಉಕ್ಕು, ತುಕ್ಕೇ ಹಿಡಿಯದ ಉಕ್ಕಲ್ಲ.

ಪ್ರಶ್ನೆ: ಕಾರ್ಬನ್ ಉಕ್ಕಿನ ಚಾಕು ಬೂದು ಬಣ್ಣಕ್ಕೆ ತಿರುಗಿದೆ. ಉಜ್ಜಿ ಬೆಳ್ಳಗೆ ಮಾಡಲೇ?

ಬೂದು ಅಥವಾ ನಸುನೀಲಿ ಪದರವಾದರೆ ಹಾಗೆಯೇ ಬಿಡಿ. ಆಹಾರಕ್ಕೆ ಅದರಿಂದ ಅಪಾಯವಿಲ್ಲ, ಕೆಂಪು ತುಕ್ಕು ಹಿಡಿಯುವುದನ್ನೂ ಅದು ನಿಧಾನಗೊಳಿಸುತ್ತದೆ. ಕಿತ್ತಳೆ ಅಥವಾ ಕೆಂಪು ಚುಕ್ಕೆ ಕಂಡರೆ ಮಾತ್ರ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಉಜ್ಜಿ ತೆಗೆಯಿರಿ. ನಿಂಬೆ, ಈರುಳ್ಳಿ ಹೆಚ್ಚಿದ ಚಾಕುವನ್ನು ಊಟ ಮುಗಿಯುವವರೆಗೆ ಹಲಗೆಯ ಮೇಲೆ ಬಿಡದೆ ಕೂಡಲೇ ತೊಳೆದು ಒರೆಸಿಡಿ. ಬಹಳ ದಿನ ಬಳಸದೆ ಇಡುವುದಾದರೆ ಆಹಾರಕ್ಕೆ ಯೋಗ್ಯವಾದ ಮಿನರಲ್ ಆಯಿಲ್ ಅನ್ನು ತೆಳ್ಳಗೆ ಸವರಿ. ಅಡುಗೆ ಎಣ್ಣೆ ಬೇಡ, ಅದು ಅಂಟಾಗಿ ಕಮಟುತ್ತದೆ.