ತುಪ್ಪ ಬಿಟ್ಟು ವರ್ಷವಾದರೂ ಟ್ರೈಗ್ಲಿಸರೈಡ್, ಬಿಪಿ ಎರಡೂ ಹೆಚ್ಚಿರುವುದೇಕೆ?

ನಿಮ್ಮ ಯಜಮಾನರಿಗೆ ಒಟ್ಟು ಕೊಲೆಸ್ಟರಾಲ್ 180, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 260, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) 34, ಬಿಪಿ 136/88 ಎಂದು ಬರೆದಿದ್ದೀರಿ. ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ಬಿಪಿ, ಸಕ್ಕರೆ, ರಕ್ತದ ಕೊಬ್ಬಿನ ಏರುಪೇರುಗಳು ಒಟ್ಟುಗೂಡಿದ ಸ್ಥಿತಿ) ಎಂದರು, ಆದರೆ ಆಳು ತೆಳ್ಳಗಿದ್ದಾರೆ, ಮನೆಯಲ್ಲಿ ತುಪ್ಪವನ್ನೇ ತರುವುದಿಲ್ಲ, ಹೀಗೇಕೆ ಎಂಬುದು ನಿಮ್ಮ ಪ್ರಶ್ನೆ.

ಆರು ವರ್ಷದ ಹಿಂದೆ ನನ್ನ ವರದಿಯೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ನಾನೂ ಮೊದಲು ಬಿಟ್ಟದ್ದು ತುಪ್ಪವನ್ನೇ. ಊಟ ಸಪ್ಪೆಯೆನಿಸಿ ಅನ್ನ ಇನ್ನೊಂದು ಸೌಟು ಹೆಚ್ಚಾಯಿತು, ಉಪ್ಪಿನಕಾಯಿ ಹಪ್ಪಳ ಜೊತೆಗೂಡಿದವು. ಮೂರು ತಿಂಗಳಲ್ಲಿ ಟ್ರೈಗ್ಲಿಸರೈಡ್ 240ರಿಂದ 310ಕ್ಕೆ ಏರಿತು.

ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಕಾಣುವ ಟ್ರೈಗ್ಲಿಸರೈಡ್ ಬಹುಮಟ್ಟಿಗೆ ಲಿವರ್ ತಯಾರಿಸಿದ್ದು. ಹೊಟ್ಟೆಯೊಳಗೆ ಕೊಬ್ಬು ಸೇರಿ, ದೇಹ ಇನ್ಸುಲಿನ್‌ಗೆ (ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನು) ಬಗ್ಗದಂತಾದಾಗ ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲಗಳು ಲಿವರಿಗೆ ಹರಿಯುತ್ತವೆ. ಮಿತಿ ಮೀರಿದ ಅನ್ನ, ಸಕ್ಕರೆಯೂ ಅಲ್ಲಿ ಕೊಬ್ಬಾಗುತ್ತವೆ. ಲಿವರ್ ಅದನ್ನು ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡ್ ಏರಿದಂತೆ ಎಚ್‌ಡಿಎಲ್ ಇಳಿಯುತ್ತದೆ. ಬಿಪಿಯ ಬೇರೂ ಇಲ್ಲಿಯೇ ಇದೆ. ಸ್ನಾಯುಗಳು ಇನ್ಸುಲಿನ್‌ನ ಮಾತು ಕೇಳದಿದ್ದಾಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಮೂತ್ರಪಿಂಡ ಮಾತ್ರ ಆ ಇನ್ಸುಲಿನ್‌ನ ಮಾತನ್ನು ಕೇಳುತ್ತಲೇ ಇರುತ್ತದೆ, ಉಪ್ಪನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ಅದರಿಂದ ಬಿಪಿ ಏರುತ್ತದೆ. ನನಗೆ ಇದನ್ನು ಮೊದಲೇ ಯಾರಾದರೂ ಬಿಡಿಸಿ ಹೇಳಿದ್ದರೆ ಟ್ರೈಗ್ಲಿಸರೈಡ್, ಬಿಪಿ ಎರಡನ್ನೂ ಬೇರೆಬೇರೆ ಕಾಯಿಲೆಗಳೆಂದು ತಿಳಿದು ಒದ್ದಾಡುತ್ತಿರಲಿಲ್ಲ.

ವೈದ್ಯರು ಹೇಳಿದ್ದು ಸರಿ. ಐದು ಲಕ್ಷಣಗಳಲ್ಲಿ ಮೂರಿದ್ದರೆ ಸಾಕು: ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಗಂಡಸರಲ್ಲಿ ಎಚ್‌ಡಿಎಲ್ 40ಕ್ಕಿಂತ ಕಡಿಮೆ, ಬಿಪಿ 130/85 ಮುಟ್ಟಿರುವುದು. ಈ ಮೂರೂ ಅವರಲ್ಲಿವೆ. ಉಳಿದವು ಖಾಲಿ ಹೊಟ್ಟೆಯ ಸಕ್ಕರೆ (100 ಅಥವಾ ಹೆಚ್ಚು) ಮತ್ತು ಸೊಂಟದ ಸುತ್ತಳತೆ. ಇವತ್ತೇ ಟೇಪು ಹಿಡಿಯಿರಿ. ಪ್ಯಾಂಟು ಕಟ್ಟುವ ಕಡೆಯಲ್ಲ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಗಡಿ. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ.

ನಾನು ಅನ್ನವನ್ನು ಅರ್ಧಕ್ಕಿಳಿಸಿ ಆ ಜಾಗಕ್ಕೆ ಪಲ್ಯ, ಕಾಳು ತಂದೆ, ಕಾಫಿಯ ಸಕ್ಕರೆ ಬಿಟ್ಟೆ, ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆದೆ. ತೂಕ 84ರಿಂದ 77 ಕಿಲೋಗೆ ಬರಲು ಎಂಟು ತಿಂಗಳು ಹಿಡಿಯಿತು. ಟ್ರೈಗ್ಲಿಸರೈಡ್ 155ಕ್ಕೆ ಬಂತು. ಬಿಪಿ ಮಾತ್ರೆಯನ್ನು ಕಡಿಮೆ ಮಾಡಿದ್ದು ವೈದ್ಯರು, ನಾನಲ್ಲ. ನೀವೂ ತಾವಾಗಿ ನಿಲ್ಲಿಸಬೇಡಿ.

ಅವರು ಮದ್ಯ ಸೇವಿಸುತ್ತಾರೆಯೇ ಎಂದು ನೀವು ಬರೆದಿಲ್ಲ. ಸೇವಿಸುವುದಾದರೆ ವೈದ್ಯರಿಗೆ ಮುಚ್ಚಿಡದೆ ಹೇಳಲಿ. ಅದು ಟ್ರೈಗ್ಲಿಸರೈಡನ್ನೂ ಏರಿಸುತ್ತದೆ, ಬಿಪಿಯನ್ನೂ ಏರಿಸುತ್ತದೆ.