ಪ್ರತಿಕ್ರಿಯೆ: ಕಲಬುರಗಿಯಲ್ಲಿ ಮೊದಲ ಸಲ ಸಂತೆಗೆ ಹೋಗುವವರಿಗೆ

ಶಿವಮೊಗ್ಗದಿಂದ ಹೊಸದಾಗಿ ಬಂದಿದ್ದೀರಿ, ತರಕಾರಿ, ಬೇಳೆ ರೈತರ ಹತ್ತಿರವೇ ಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ ಅಲ್ವಾ?

ಬೇಳೆಗೆ ನೆಹರು ಗಂಜ್ ಕಡೆ ಹೋಗಿ. ಆದರೆ ಅಲ್ಲಿನ ಎಪಿಎಂಸಿಗೆ (ಕೃಷಿ ಮಾರುಕಟ್ಟೆಗೆ) ರೈತರು ತರುವುದು ಇಡೀ ತೊಗರಿ ಕಾಳು. ಅದು ಕ್ವಿಂಟಲ್ ಲೆಕ್ಕದಲ್ಲಿ ಹರಾಜಾಗುತ್ತದೆ, ಎರಡು ಕಿಲೋ ಕೇಳಿದರೆ ಸಿಗಲ್ಲ. ಬೇಳೆ ಸುತ್ತಲಿನ ಅಂಗಡಿಗಳಲ್ಲಿದೆ. ಪಾಲಿಶ್ ಮಾಡದ್ದನ್ನೇ ಕೇಳಿ. ಜಾಸ್ತಿ ಹೊಳೆಯುವುದನ್ನು ಬಿಡಿ. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಪ್ರದೇಶದ ವಿಶೇಷ ಅನ್ನುವ ಅಧಿಕೃತ ಗುರುತು ಸಿಕ್ಕಿದೆ. ಅದರ ರುಚಿ ನಿಮಗೂ ಗೊತ್ತಾಗಬೇಕು ಅಂತ ನನಗೆ ಆಸೆ. ಹೊಸ ಕಾಳು ಡಿಸೆಂಬರ್, ಜನವರಿಯಲ್ಲಿ ಬರುತ್ತದೆ.

ತರಕಾರಿಗೆ ಬೆಳಿಗ್ಗೆ ಬೇಗ ಹೋಗಿ. ಬಿಸಿಲೇರಿದರೆ ಸೊಪ್ಪು ಬಾಡುತ್ತದೆ. ನೆಲದ ಮೇಲೆ ಗೋಣಿಚೀಲ ಹಾಸಿ ಒಂದೆರಡು ಬಗೆ ಮಾತ್ರ ಇಟ್ಟುಕೊಂಡು ಕೂತವರನ್ನು ಹುಡುಕಿ. ಅವರು ಹೆಚ್ಚಾಗಿ ಸ್ವಂತ ಹೊಲದ್ದು ತಂದವರು. ಹತ್ತಿಪ್ಪತ್ತು ಬಗೆ ಇಟ್ಟವರು ಸಗಟು ಕೊಂಡು ಮಾರುವವರು. "ಯಾವೂರಿಂದ ತಂದೀರಿ ಯವ್ವಾ?" ಅಂತ ಸುಮ್ನೆ ಮಾತಾಡಿಸಿ. ಪುಂಡಿ ಸೊಪ್ಪು (ಹುಳಿ ರುಚಿಯ ಗೋಂಗುರ) ಕೊಂಡರೆ, ಪಲ್ಯ ಮಾಡೋದು ಹೇಗೆ ಅಂತ ಅವರೇ ಹೇಳಿಕೊಡುತ್ತಾರೆ. ಒಂದು ಸಿವುಡು ಸೊಪ್ಪಿಗೆ ಮಾತ್ರ ದಯವಿಟ್ಟು ಚೌಕಾಸಿ ಮಾಡಬೇಡಿ. ನಸುಕಿನಲ್ಲೇ ಕಿತ್ತು ಹೊತ್ತು ತಂದಿರುತ್ತಾರೆ.

ಬಟ್ಟೆ ಚೀಲ, ಚಿಲ್ಲರೆ ಇರಲಿ.

ನಮ್ಮ ಕಡೆ ಹೊಲದಲ್ಲಿ ಪೂಜೆ ಮಾಡುವ ಹಬ್ಬ ಎಳ್ಳಮಾವಾಸ್ಯೆ, ಅದರ ಹಿಂದಿನ ದಿನವಂತೂ ತಪ್ಪಿಸಬೇಡಿ. ಹಸಿ ತೊಗರಿ, ಹಸಿ ಕಡಲೆ, ಮೆಂತ್ಯೆ, ಎಲ್ಲ ಕಡೆ ಭಜ್ಜಿ ಪಲ್ಯದ (ಹಸಿ ಕಾಳು, ಸೊಪ್ಪು ಸೇರಿಸಿ ಬೇಯಿಸುವ ಪಲ್ಯದ) ಸಾಮಾನೇ. ಸಜ್ಜೆ ರೊಟ್ಟಿ ಜೊತೆ ತಿಂದು ಇಲ್ಲೇ ಬಂದು ಬರೆಯಿರಿ, ಕಾಯುತ್ತಿರುತ್ತೇನೆ.